ಫೈಬರ್ ಬಾನೆಟ್ ಕೂರುತ್ತಿಲ್ಲ, ಬಣ್ಣ ನಿಲ್ಲುತ್ತಿಲ್ಲ: ಪಿಕಪ್ ಟ್ರಕ್ಕಿಗೆ ದೋಷ ನಿವಾರಣೆ ಕೈಪಿಡಿ

ಹೊಸ ಫೈಬರ್‌ಗ್ಲಾಸ್ ಬಾನೆಟ್ಟನ್ನು ಟ್ರಕ್ಕಿನ ಮೇಲಿಟ್ಟು, ಗ್ಯಾಪ್ ಸರಿಯಿಲ್ಲವೆಂದು ಕಂಡ ಕೂಡಲೇ ಗ್ರೈಂಡರ್ ಕೈಗೆತ್ತಿಕೊಳ್ಳುವವರೇ ಹೆಚ್ಚು. ಅಲ್ಲಿಂದಲೇ ಕೆಲಸ ಕೆಡುತ್ತದೆ. ತಪ್ಪು ಬಾನೆಟ್ಟಿನದೋ, ಐವತ್ತು ವರ್ಷ ಓಡಿದ ಗಾಡಿಯ ಬಾಡಿಯದೋ ಎಂದು ಗೊತ್ತಾಗುವ ಮೊದಲು ಒಂದು ಮಿಲಿಮೀಟರ್ ಕೂಡ ಉಜ್ಜಬೇಡಿ. ಬಣ್ಣದ ವಿಷಯದಲ್ಲೂ ಹಾಗೆಯೇ. ಬಣ್ಣದ ಮೇಲೆ ಕಾಣುವ ಬಹುಪಾಲು ದೋಷಗಳು ಬಣ್ಣ ಹೊಡೆಯುವ ವಾರದ ಮೊದಲೇ ಹುಟ್ಟಿರುತ್ತವೆ.

ಇಲ್ಲಿ ಮಾದರಿಗೆ ಹಿಡಿದಿರುವುದು ಅಮೆರಿಕದ ಷೆವ್ರೊಲೆ ಸಿ10, 1967ರಿಂದ 1972ರ ಪಿಕಪ್. ಗಾಜಿನ ಕಡೆಗೆ ಎತ್ತರವಾಗುತ್ತ ಹೋಗುವ ಕೌಲ್ ಬಾನೆಟ್ಟನ್ನು ಈ ಗಾಡಿಗೆ ಹಾಕುವವರು ಬಹಳ. ಅಲ್ಲಿ ನೆಲೆಸಿ ಸ್ವಂತ ಗ್ಯಾರೇಜಿನಲ್ಲಿ ಹಳೆಯ ಗಾಡಿ ಎಬ್ಬಿಸುತ್ತಿರುವ ಕನ್ನಡಿಗರಿಗೆ ಇದು ನೇರವಾಗಿ ಹೊಂದುತ್ತದೆ. ಊರಲ್ಲಿ ಜೀಪಿಗೋ ಪಿಕಪ್ಪಿಗೋ ಫೈಬರ್ ಬಾನೆಟ್ ಹಾಕಿಸುವವರಿಗೆ ಹಿಂಜ್, ಲಾಕ್‌ಗಳ ರಚನೆ ಬೇರೆಯಿರಬಹುದು. ಫೈಬರಿನ ಗುಣ, ಬಣ್ಣದ ಗುಣ ಮಾತ್ರ ಯಾವ ಗಾಡಿಗೂ ಬದಲಾಗುವುದಿಲ್ಲ.

ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ತಗಡಿನ ಬಾನೆಟ್ ಅಚ್ಚಿನಿಂದ ಹೊರಬಂದ ದಿನವೇ ಪೂರ್ತಿಯಾಗಿರುತ್ತದೆ. ಫೈಬರ್ ಹಾಗಲ್ಲ. ಗಾಜಿನ ಎಳೆಗಳನ್ನು ಹಿಡಿದಿಡುವ ಪಾಲಿಯೆಸ್ಟರ್ ರೆಸಿನ್ ಅಚ್ಚಿನಿಂದ ಬಿಡಿಸಿದ ಮೇಲೂ ವಾರಗಟ್ಟಲೆ ನಿಧಾನವಾಗಿ ಗಟ್ಟಿಯಾಗುತ್ತ, ಕೂದಲೆಳೆಯಷ್ಟು ಕುಗ್ಗುತ್ತ ಇರುತ್ತದೆ. ಮೂಗಿಗೆ ಆ ರೆಸಿನಿನಲ್ಲಿರುವ ಸ್ಟೈರೀನ್ ದ್ರವದ ಘಾಟು ಇನ್ನೂ ಬರುತ್ತಿದ್ದರೆ ಅದು ಹಸಿ ಮಾಲು.

ಒಂದು ಬದಿ ಗ್ಯಾಪ್ ಅಗಲ, ಇನ್ನೊಂದು ಬದಿ ಉಜ್ಜುತ್ತಿದೆ

ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿ. ಹಳೆಯ ತಗಡಿನ ಬಾನೆಟ್ಟನ್ನು ಗುಜರಿಗೆ ಹಾಕಿಲ್ಲ ತಾನೆ? ಅದನ್ನೇ ವಾಪಸು ಇಟ್ಟು ನೋಡಿ. ಗ್ಯಾಪ್ ಅದೇ ಜಾಗದಲ್ಲಿ ಕೆಟ್ಟಿದ್ದರೆ ತಪ್ಪು ಗಾಡಿಯದು. ಹಳೆಯದು ಕೈಬಿಟ್ಟು ಹೋಗಿದ್ದರೆ ಟೇಪ್ ಹಿಡಿದು ಎಡ ಫೆಂಡರಿನ (ಮುಂದಿನ ಚಕ್ರದ ಮೇಲಿನ ತಗಡು) ಮುಂದಿನ ತುದಿಯಿಂದ ಬಲ ಫೆಂಡರಿನ ಹಿಂದಿನ ತುದಿಗೆ ಅಳೆಯಿರಿ, ಆಮೇಲೆ ಇನ್ನೊಂದು ಕರ್ಣ. ಎರಡಕ್ಕೂ 3–4 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಗಾಡಿಯ ಮುಂಭಾಗವೇ ಓರೆಯಾಗಿದೆ.

ಬಾಗಿಲು ಮತ್ತು ಫೆಂಡರ್ ನಡುವಿನ ಸಂದನ್ನೂ ಗಮನಿಸಿ. ಮೇಲೆ ಅಗಲ, ಕೆಳಗೆ ಕಿರಿದಾಗಿದ್ದರೆ ರೇಡಿಯೇಟರ್ ಹೊತ್ತಿರುವ ಚೌಕಟ್ಟಿನ ಕೆಳಗಿನ ರಬ್ಬರ್ ಬುಷ್‌ಗಳು ಕುಸಿದು ಮೂತಿ ಕೆಳಗಿಳಿದಿದೆ ಎಂದರ್ಥ. ಬುಷ್ ಬದಲಿಸಿ, ಬೇಕಾದಲ್ಲಿ ಶಿಮ್ (ತೆಳು ತಗಡಿನ ತುಂಡು) ಕೊಟ್ಟು ಮೂತಿ ಎತ್ತಿ. ಎಷ್ಟೋ ಗಾಡಿಗಳಲ್ಲಿ ಬಾನೆಟ್ಟಿನ ತೊಂದರೆ ಎಂದುಕೊಂಡದ್ದು ಇಲ್ಲಿಗೇ ಮುಗಿಯುತ್ತದೆ.

ಗಾಡಿ ನೇರವಾಗಿದೆ ಎಂದಾದರೆ ಹೊಂದಿಸುವ ಕ್ರಮ ಹೀಗೆ:

1. ಬಾನೆಟ್ಟಿನಲ್ಲಿದ್ದು ಲಾಕಿಗೆ ಸಿಕ್ಕಿಕೊಳ್ಳುವ ಭಾಗವಾದ ಸ್ಟ್ರೈಕರ್ ಬಿಚ್ಚಿ ಪಕ್ಕಕ್ಕಿಡಿ. ಲಾಕ್ ಇದ್ದರೆ ಅದು ಬಾನೆಟ್ಟನ್ನು ತನ್ನತ್ತ ಎಳೆದುಕೊಂಡು ನಿಜವಾದ ಓರೆಯನ್ನು ಮುಚ್ಚಿಬಿಡುತ್ತದೆ.
2. ಬಾನೆಟ್ಟಿನ ಮುಂದಿನ ಅಂಚು ಕೂರುವ ತಿರುಗಿಸುವ ರಬ್ಬರ್ ಬಂಪರ್‌ಗಳನ್ನು ಪೂರ್ತಿ ಕೆಳಕ್ಕೆ ತಿರುಗಿಸಿ. ಫೆಂಡರ್ ಮತ್ತು ಕೌಲ್ (ಮುಂದಿನ ಗಾಜಿನ ಬುಡದ ಪಟ್ಟಿ) ಅಂಚಿಗೆ ಎರಡು ಪದರ ಮಾಸ್ಕಿಂಗ್ ಟೇಪ್ ಅಂಟಿಸಿ.
3. ಹಿಂಜ್ ಬೋಲ್ಟ್‌ಗಳನ್ನು ಕೈಯಲ್ಲಿ ಬಿಗಿ ಮಾಡಿ, ಸ್ಪ್ಯಾನರಿನಿಂದ ಕಾಲು ಸುತ್ತು ಮಾತ್ರ. ಪ್ರತಿ ಬೋಲ್ಟಿಗೂ ಅಗಲದ ವಾಷರ್ ಇರಲಿ.
4. ಇಬ್ಬರು ಸೇರಿ ನಿಧಾನಕ್ಕೆ ಇಳಿಸಿ. ಒಬ್ಬರ ಕಣ್ಣು ಹಿಂದಿನ ಮೂಲೆಗಳ ಮೇಲೇ ಇರಬೇಕು. ಮೊದಲು ತಾಗುವುದು ಅಲ್ಲೇ.
5. ಹಿಂದೆ–ಮುಂದೆ ಸರಿಸಲು ಬಾನೆಟ್ಟಿಗೆ ಕೂರುವ ಬೋಲ್ಟಿನ ಉದ್ದ ರಂಧ್ರ ಬಳಸಿ. ಹಿಂದಿನ ಎತ್ತರಕ್ಕೆ ಹಿಂಜ್ ಬಾಡಿಗೆ ಕೂರುವ ಬೋಲ್ಟ್. ಸಲಕ್ಕೆ 2 ಮಿ.ಮೀ.ಗಿಂತ ಹೆಚ್ಚು ಸರಿಸಬೇಡಿ, ಸರಿಸುವ ಮೊದಲು ಹಿಂಜಿನ ಸುತ್ತ ಪೆನ್ಸಿಲ್ ಗೆರೆ ಎಳೆಯಿರಿ.
6. ಮುಂದಿನ ಎತ್ತರಕ್ಕೆ ರಬ್ಬರ್ ಬಂಪರ್. ಸ್ಟ್ರೈಕರ್ ಎಲ್ಲಕ್ಕಿಂತ ಕೊನೆಗೆ.

ಅಳತೆಗೆ 5 ಮಿ.ಮೀ. ಡ್ರಿಲ್ ಬಿಟ್ ಸಾಕು. ಅದರ ನಯವಾದ ಹಿಂತುದಿಯನ್ನು ಸಂದಿನಲ್ಲಿಳಿಸಿ ಹಿಂದಿನಿಂದ ಮುಂದಕ್ಕೆ ಎಳೆಯುತ್ತ ಬನ್ನಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಟೇಪಿನ ಮೇಲೆ ಗೀಟು ಹಾಕಿ. ಬಣ್ಣ ಹೊಡೆಯುವ ಮುನ್ನ ಗ್ಯಾಪ್ 5–6 ಮಿ.ಮೀ. ಇರಬೇಕು. ಪ್ರೈಮರ್, ಬಣ್ಣ, ಕ್ಲಿಯರ್ (ಮೇಲಿನ ಪಾರದರ್ಶಕ ಹೊಳಪಿನ ಪದರ) ಸೇರಿ ಒಂದೊಂದು ಅಂಚಿಗೂ ಸುಮಾರು ಕಾಲು ಮಿಲಿಮೀಟರ್ ದಪ್ಪ ಬರುತ್ತದೆ. ಸಾಲದ್ದಕ್ಕೆ ಫೈಬರ್ ಬಿಸಿಲಿಗೆ ತಗಡಿಗಿಂತ ಹೆಚ್ಚು ಹಿಗ್ಗುತ್ತದೆ. ಬೆಳಗಿನ ತಂಪಿನಲ್ಲಿ 3 ಮಿ.ಮೀ. ಬಿಟ್ಟು ಹೊಂದಿಸಿದ ಬಾನೆಟ್ ಮಧ್ಯಾಹ್ನ ಫೆಂಡರಿನ ಬಣ್ಣ ಕೆರೆಯಬಹುದು.

ಇಷ್ಟಾದ ಮೇಲೂ ಬಿಗಿಯಾಗಿದ್ದರೆ ಮಾತ್ರ ಉಜ್ಜುವ ಮಾತು. 80 ನಂಬರಿನ ಸ್ಯಾಂಡ್‌ಪೇಪರನ್ನು ಉದ್ದ ಹಲಗೆಗೆ ಸುತ್ತಿ ಅಂಚಿನುದ್ದಕ್ಕೂ ಎಳೆಯಿರಿ. ಗ್ರೈಂಡರ್ ಅಲೆ ಅಲೆಯಾಗಿ ಕಡಿಯುತ್ತದೆ. ಮೊದಲು ಅಂಚನ್ನು ಕೆಳಗಿನಿಂದ ನೋಡಿ, ಮೇಲಿನ ಚರ್ಮ ಮತ್ತು ಒಳ ಚೌಕಟ್ಟು ಅಂಟಿಕೊಂಡಿರುವ ಗೆರೆ ಎಲ್ಲಿದೆ ಎಂದು ಗುರುತಿಸಿ. 2–3 ಮಿ.ಮೀ. ದಾಟಿದರೆ ಆ ಅಂಟಿನ ಗೆರೆ ಬಿಚ್ಚಿಕೊಳ್ಳುತ್ತದೆ.

ಗ್ಯಾಪ್ ಅಗಲವಿದ್ದರೆ ಪುಟ್ಟಿ ಮೆತ್ತಿ ಅಂಚು ಬೆಳೆಸುವುದು ಬೇಡ, ಬಾನೆಟ್ ಹಾಕುವ ಮೊದಲ ಪೆಟ್ಟಿಗೇ ಚಕ್ಕೆ ಏಳುತ್ತದೆ. ಅಂಚಿನಿಂದ 30–40 ಮಿ.ಮೀ. ಒಳಗಿನವರೆಗೆ ಜೆಲ್‌ಕೋಟ್ (ಎಳೆಯಿಲ್ಲದ ನಯವಾದ ಹೊರ ಪದರ) ತೆಗೆದು 36 ನಂಬರಿನಲ್ಲಿ ಒರಟು ಮಾಡಿ, ಇಳಿಜಾರು ಕೊಡಿ. ಫೆಂಡರಿನ ಅಂಚಿಗೆ ಕಂದು ಪ್ಯಾಕಿಂಗ್ ಟೇಪ್ ಅಂಟಿಸಿದರೆ ರೆಸಿನ್ ಅದಕ್ಕೆ ಹಿಡಿಯುವುದಿಲ್ಲ. ಚದರ ಮೀಟರಿಗೆ 450 ಗ್ರಾಂ ತೂಕದ ಚಾಪ್ಡ್ ಮ್ಯಾಟ್ (ಕತ್ತರಿಸಿದ ಗಾಜಿನ ಎಳೆಗಳ ಹಾಸು) ಎರಡು ಪದರ ಸಾಕು. 100 ಗ್ರಾಂ ಪಾಲಿಯೆಸ್ಟರ್ ರೆಸಿನಿಗೆ 1.5 ಗ್ರಾಂ ಹಾರ್ಡ್ನರ್, ಹವೆ 30 ಡಿಗ್ರಿ ದಾಟಿದ್ದರೆ 1 ಗ್ರಾಂ. ಅಂದಾಜಿಗೆ ಸುರಿಯದೆ ತಕ್ಕಡಿಯಲ್ಲಿ ತೂಗಿ. ಎಪಾಕ್ಸಿ ರೆಸಿನ್ ಬಳಸುವುದಾದರೆ ಮಾಮೂಲು ಚಾಪ್ಡ್ ಮ್ಯಾಟ್ ಬೇಡ, ನೇಯ್ದ ಬಟ್ಟೆಯೇ ಬೇಕು. ಮ್ಯಾಟಿನ ಎಳೆಗಳನ್ನು ಹಿಡಿದಿಟ್ಟಿರುವ ಬೈಂಡರ್ ಕರಗುವುದು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನಿಗೆ. ಎಪಾಕ್ಸಿಯಲ್ಲಿ ಅದು ಸರಿಯಾಗಿ ನೆನೆಯುವುದಿಲ್ಲ.

ಆ ಹಾರ್ಡ್ನರ್ ಕಣ್ಣಿಗೆ ಹಾರಿದರೆ ದೃಷ್ಟಿಯನ್ನೇ ಕಳೆಯಬಲ್ಲದು. ಕನ್ನಡಕವಿಲ್ಲದೆ ಬಾಟಲಿ ಬಿಚ್ಚಬೇಡಿ. ಹಾರಿದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಸೀದಾ ಆಸ್ಪತ್ರೆಗೆ ಹೋಗಿ.

ಎಲ್ಲಿ ನಿಲ್ಲಿಸಬೇಕು? ಎರಡೂ ಬದಿ 6 ಮಿ.ಮೀ.ಗಿಂತ ಹೆಚ್ಚು ತಪ್ಪಿದ್ದರೆ, ಅಥವಾ ಒಂದು ಮೂಲೆ 10 ಮಿ.ಮೀ. ಎತ್ತರದಲ್ಲಿ ನಿಂತು ಯಾವ ಹೊಂದಾಣಿಕೆಗೂ ಬಗ್ಗದಿದ್ದರೆ, ಫೋಟೋ ತೆಗೆದು ಮಾರಿದವರಿಗೆ ವಾಪಸು ಕೊಡಿ. ಒಮ್ಮೆ ಉಜ್ಜಿದ, ಕೊರೆದ ಮಾಲನ್ನು ಸಾಮಾನ್ಯವಾಗಿ ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಮುಚ್ಚುವಾಗ ಹಿಂದಿನ ಮೂಲೆಗಳು ಎದ್ದು ಬಾನೆಟ್ ಬಿಲ್ಲಿನಂತೆ ಬಾಗುತ್ತದೆ

ಇದು ಕಂಡರೆ ಕೈ ತೆಗೆಯಿರಿ. ಒತ್ತಿ ಮುಚ್ಚಬೇಡಿ. ಸಿ10ನ ಹಿಂಜ್ ಸ್ಪ್ರಿಂಗ್‌ಗಳನ್ನು ಭಾರದ ತಗಡಿನ ಬಾನೆಟ್ ಎತ್ತಲು ಮಾಡಿದ್ದು. ಹಗುರ ಫೈಬರ್ ಅದರ ಬಲಕ್ಕೆ ಸೋತು ಹಿಂಜಿನ ಹತ್ತಿರ ಬಾಗುತ್ತದೆ. ನಾಲ್ಕಾರು ಸಲ ಹಾಗೆ ಬಾಗಿದರೆ ಹಿಂಜ್ ಬೋಲ್ಟಿನ ಮುಂದೆ ಅಡ್ಡ ಬಿರುಕು ಬರುತ್ತದೆ. ಹೊಸ ಗಾಡಿಗಳಲ್ಲಿ ಇದೇ ಕೆಡುಕನ್ನು ಗ್ಯಾಸ್ ಸ್ಟ್ರಟ್ (ಬಾನೆಟ್ ಎತ್ತಿ ಹಿಡಿಯುವ ಅನಿಲ ತುಂಬಿದ ಕೊಳವೆ) ಮಾಡುತ್ತದೆ: ಮುಚ್ಚಿದ ಮೇಲೂ ಒಳಗಿನಿಂದ ಒತ್ತುತ್ತಲೇ ಇರುವುದರಿಂದ ಬಿಸಿಲಿಗೆ ಬಾನೆಟ್ ನಡುವೆ ಉಬ್ಬುತ್ತದೆ.

ಹಳೆಯ, ಹೊಸ ಬಾನೆಟ್ಟನ್ನು ಒಂದೊಂದಾಗಿ ಹಿಡಿದು ಮನೆಯ ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ. ತೂಕ ಎಷ್ಟು ಇಳಿಯಿತೋ ಸ್ಪ್ರಿಂಗ್ ಬಲವೂ ಹೆಚ್ಚುಕಡಿಮೆ ಅಷ್ಟೇ ಪಾಲು ಇಳಿಯಬೇಕು. ಹಗುರ ಸ್ಪ್ರಿಂಗ್, ಕಡಿಮೆ ಬಲದ ಸ್ಟ್ರಟ್ ಸಿಗುತ್ತವೆ. ಅತಿ ಅಗ್ಗದ ದಾರಿ ಸ್ಪ್ರಿಂಗ್ ತೆಗೆದು, ಎತ್ತಿ ನಿಲ್ಲಿಸಲು ಕಬ್ಬಿಣದ ಕೋಲು ಹಾಕುವುದು. ನೋಡಲು ಬಡವಾದರೂ ಬಾನೆಟ್ಟಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಎಚ್ಚರಿಕೆ: ಬಿಗಿದಿರುವ ಹಿಂಜ್ ಸ್ಪ್ರಿಂಗ್ ಜಾರಿದರೆ ಬೆರಳು ಮುರಿಯುತ್ತದೆ. ಬಾನೆಟ್ ಪೂರ್ತಿ ತೆರೆದು, ಬೇರೆಯದೇ ಆಧಾರ ಕೊಟ್ಟು, ಅದಕ್ಕೆಂದೇ ಇರುವ ಕೊಕ್ಕೆಯಿಂದ ಎಳೆದು ತೆಗೆಯಿರಿ. ಸ್ಕ್ರೂಡ್ರೈವರ್ ಹಾಕಿ ಎಬ್ಬಬೇಡಿ. ಸ್ಪ್ರಿಂಗ್ ಬಂದ ಕ್ಷಣ ಬಾನೆಟ್ ತಾನಾಗಿ ಬೀಳುತ್ತದೆ ಎಂಬುದೂ ನೆನಪಿರಲಿ.

ಒಂದು ಮೂಲೆ ಮಾತ್ರ ಕೂರುವುದೇ ಇಲ್ಲ

ಗೋಡೆಗೆ ಒರಗಿಸಿಟ್ಟ ಬಾನೆಟ್ಟಿನ ರೋಗ ಇದು. ಹಸಿ ಫೈಬರನ್ನು ತಿಂಗಳುಗಟ್ಟಲೆ ಒರಗಿಸಿದರೆ ತಿರುಚಿಕೊಂಡು ಹಾಗೆಯೇ ಗಟ್ಟಿಯಾಗುತ್ತದೆ. ಒಂದೇ ಎತ್ತರದ ನಾಲ್ಕು ಸ್ಟೂಲುಗಳ ಮೇಲೆ ಬೆಡ್‌ಶೀಟ್ ಹಾಸಿ ಬಾನೆಟ್ ಇಡಿ, ತಾಗದ ಮೂಲೆ ಗೊತ್ತಾಗುತ್ತದೆ.

ಹೊಸ ಮಾಲಾದರೆ ಬಿಸಿಲೇ ಮದ್ದು. ಗಾಡಿಯ ಮೇಲೆ ಸರಿಯಾದ ಜಾಗದಲ್ಲಿ ಬೋಲ್ಟ್ ಹಾಕಿ, ಎದ್ದ ಮೂಲೆಯ ಮೇಲೆ ದಪ್ಪ ಬಟ್ಟೆ ಮಡಿಸಿಟ್ಟು 5ರಿಂದ 8 ಕಿಲೋ ಮರಳಿನ ಚೀಲ ಹೇರಿ, ಒಂದು ವಾರ ಬಿಸಿಲಲ್ಲಿ ನಿಲ್ಲಿಸಿ. ಪ್ರತಿದಿನ ಸಂಜೆ, ತಣ್ಣಗಾದ ಮೇಲೆ ಅಳೆಯಿರಿ. ಹಾಟ್ ಗನ್ ಒಂದೇ ಜಾಗಕ್ಕೆ ಹಿಡಿಯಬೇಡಿ, ಜೆಲ್‌ಕೋಟ್ ಸುಡುತ್ತದೆ. ಒಂದು ವಾರದಲ್ಲಿ ಏನೂ ಕದಲದಿದ್ದರೆ ಒಳ ಚೌಕಟ್ಟನ್ನು ಅಂಟಿಸುವಾಗಲೇ ತಿರುಚಿ ಅಂಟಿಸಿದ್ದಾರೆ ಎಂದು ತಿಳಿಯಿರಿ. ಅಂಟು ಸೀಳಿ, ಮತ್ತೆ ಗಾಡಿಯ ಮೇಲೇ ಹೊಂದಿಸಿ ಅಂಟಿಸಬೇಕಾದ ಕೆಲಸ ಅದು. ಫೈಬರ್ ಕೆಲಸದವರಿಗೆ ಬಿಡಿ.

ಲಾಕ್ ಬೀಳುವ ಮೊದಲೇ ಏನೋ ಒಳಗೆ ತಾಗುತ್ತದೆ

ಚಪಾತಿ ಹಿಟ್ಟು ತನ್ನಿ. ಏರ್ ಕ್ಲೀನರಿನ ತಲೆ, ಅದರ ಬೋಲ್ಟ್, ಬ್ಯಾಟರಿ ಟರ್ಮಿನಲ್, ಫ್ಯಾನಿನ ಹೊದಿಕೆ, ಎಲ್ಲದರ ಮೇಲೂ ನಿಂಬೆ ಗಾತ್ರದ ಉಂಡೆ ಇಟ್ಟು ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಬಾನೆಟ್ ನಿಧಾನಕ್ಕೆ ಮುಚ್ಚಿ ತೆರೆಯಿರಿ. ಚಪ್ಪಟೆಯಾದ ಉಂಡೆಯನ್ನು ಚಾಕುವಿನಲ್ಲಿ ಕೊಯ್ದು ದಪ್ಪ ನೋಡಿ. 20 ಮಿ.ಮೀ.ಗಿಂತ ಕಡಿಮೆಯಿದ್ದರೆ ಸಾಲದು: ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ತನ್ನ ಮೌಂಟಿನ ಮೇಲೆ ಓಲಾಡುತ್ತದೆ, ನಿಂತಾಗ ತಾಗದ್ದು ಓಡುವಾಗ ತಾಗುತ್ತದೆ. ಕೌಲ್ ಬಾನೆಟ್ಟಿನ ಹೊರಗೆ ಕಾಣುವ ಎತ್ತರ ಪೂರ್ತಿ ಒಳಗೆ ಸಿಗುವುದಿಲ್ಲ, ಒಳ ಚೌಕಟ್ಟು ಅದರಲ್ಲೊಂದಿಷ್ಟು ತಿನ್ನುತ್ತದೆ. ಚೌಕಟ್ಟನ್ನು ಕತ್ತರಿಸಿ ಜಾಗ ಮಾಡುವುದು ಬೇಡ, ಬಾನೆಟ್ಟಿನ ಬಿಗಿಯೆಲ್ಲ ಅದರದೇ. ತಗ್ಗಿನ ಏರ್ ಕ್ಲೀನರ್ ಹಾಕಿ. ಇಂಜಿನ್ ಮೌಂಟ್ ಕುಸಿದಿದೆಯೇ ಎಂದೂ ನೋಡಿ.

ಬ್ಯಾಟರಿಯ ಪಾಸಿಟಿವ್ ಟರ್ಮಿನಲ್ಲಿಗೆ ಬಾನೆಟ್ಟಿನೊಳಗಿನ ಲೋಹದ ತಟ್ಟೆಯೋ ಬೋಲ್ಟೋ ಹತ್ತಿರ ಬರುತ್ತಿದ್ದರೆ ರಬ್ಬರ್ ಟೋಪಿ ಹಾಕದೆ ಗಾಡಿ ಕದಲಿಸಬೇಡಿ.

ಹೆದ್ದಾರಿಯಲ್ಲಿ ಬಾನೆಟ್ ನಡುಗುತ್ತದೆ

ಈ ಕೈಪಿಡಿಯಲ್ಲಿ ಜೀವಕ್ಕೆ ಸಂಬಂಧಿಸಿದ ಲಕ್ಷಣವೆಂದರೆ ಇದು. ವೇಗ ಏರಿದಂತೆ ಮುಂದಿನ ಅಂಚು ಪಟಪಟ ಎನ್ನುತ್ತಿದ್ದರೆ ಬದಿಗೆ ನಿಲ್ಲಿಸಿ. ಗಾಳಿಗೆ ಎದ್ದ ಬಾನೆಟ್ ಒಂದೇ ಏಟಿಗೆ ಗಾಜಿಗೆ ಬಡಿಯುತ್ತದೆ, ದಾರಿಯೇ ಕಾಣುವುದಿಲ್ಲ. ಇದೇ ಕಾರಣಕ್ಕೆ ಅಮೆರಿಕದ ವಾಹನ ಸುರಕ್ಷತೆಯ ಎಫ್‌ಎಂವಿಎಸ್‌ಎಸ್ 113 ನಿಯಮದಲ್ಲಿ, ಮುಂದಿನಿಂದ ತೆರೆದು ಚಾಲಕನ ನೋಟ ಮುಚ್ಚುವಂಥ ಬಾನೆಟ್ಟಿಗೆ ಎರಡನೆಯ ಹಿಡಿತ ಇರಲೇಬೇಕು ಎಂದಿದೆ. ಫೈಬರ್ ಹಾಕುವಾಗ ಆ ಎರಡನೆಯ ಕೊಕ್ಕೆ ಹೊಂದುವುದಿಲ್ಲವೆಂದು ಬಿಚ್ಚಿ ಬಿಸಾಡುವವರಿದ್ದಾರೆ. ಅದೊಂದನ್ನು ಮಾತ್ರ ಮಾಡಬೇಡಿ.

ನಿಂತ ಗಾಡಿಯಲ್ಲಿ ಮೊದಲು ನೋಡುವುದು ರಬ್ಬರ್ ಬಂಪರ್. ಲಾಕ್ ಬಿದ್ದ ಮೇಲೆ ಮೂತಿಯನ್ನು ಕೈಯಲ್ಲಿ ಎತ್ತಿ ಒತ್ತಿ, 2–3 ಮಿ.ಮೀ. ಆಡಿದರೆ ಬಂಪರ್ ಮೇಲಕ್ಕೆ ತಿರುಗಿಸಿ ಆಟ ತೆಗೆಯಿರಿ. ಆಮೇಲೆ ಸ್ಟ್ರೈಕರಿನ ಕೆಳಗೆ ಹೂತಿರುವ ಲೋಹದ ತಟ್ಟೆ. ನಾಣ್ಯದಿಂದ ಅದರ ಸುತ್ತ ತಟ್ಟುತ್ತ ಬನ್ನಿ. ಕಣಕಣ ಎಂದರೆ ಅಂಟು ಗಟ್ಟಿ. ಒಂದು ಜಾಗದಲ್ಲಿ ಡಬ್ ಎಂದು ಮಂಕಾಗಿ ಕೇಳಿದರೆ ಅಲ್ಲಿ ಪದರ ಬಿಟ್ಟಿದೆ. ಬೋಲ್ಟಿನ ಸುತ್ತ ಬಿಳಿ ಪುಡಿ ಉದುರುತ್ತಿದ್ದರೂ ಅದೇ ಅರ್ಥ. ತಟ್ಟೆ ಸಡಿಲವಿದ್ದರೆ ಗಾಡಿ ರಸ್ತೆಗೆ ಇಳಿಯಬಾರದು. ಆ ಜಾಗ ಕೊಯ್ದು, ತಟ್ಟೆ ಉಜ್ಜಿ, ಎಪಾಕ್ಸಿಯಲ್ಲಿ ಅಂಟಿಸಿ ಮೇಲೆ ಮೂರು ಪದರ ಬಟ್ಟೆ ಹೊದಿಸಬೇಕು.

ಮುಂದಿನ ಅಂಚಿಗೆ ಎರಡು ಬಾನೆಟ್ ಪಿನ್ (ಹೊರಗಿನಿಂದ ಹಿಡಿದಿಡುವ ಕೀಲು) ಹಾಕುವುದನ್ನು ಬಾನೆಟ್ ಮಾಡಿದವರು ಕೇಳದಿದ್ದರೂ ಹಾಕಿಸಿ. ಅಂದ ಕೆಡುತ್ತದೆ ಎನ್ನುವವರಿಗೆ ಉತ್ತರ ಒಂದೇ: ಕಾರ್ಖಾನೆಯ ಲಾಕ್ ಕಾರ್ಖಾನೆಯ ತಗಡನ್ನು ನಂಬಿ ಮಾಡಿದ್ದು.

ಬಣ್ಣಕ್ಕೆ ಮುನ್ನ

2ಕೆ (ಹಾರ್ಡ್ನರ್ ಬೆರೆಸಿ ಹೊಡೆಯುವ) ಪ್ರೈಮರ್ ಮತ್ತು ಕ್ಲಿಯರಿನ ಹಾರ್ಡ್ನರಿನಲ್ಲಿ ಐಸೊಸೈನೇಟ್ ಎಂಬ ರಾಸಾಯನಿಕ ಇರುತ್ತದೆ. ಅದರಿಂದ ಬರುವ ಆಸ್ತಮಾ ಒಮ್ಮೆ ಹತ್ತಿದರೆ ಮುಂದೆ ಅತಿ ಸಣ್ಣ ಪ್ರಮಾಣಕ್ಕೂ ಉಸಿರು ಕಟ್ಟುತ್ತದೆ. ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ತರುವ ಮುಖವಾಡವೇ ಸರಿಯಾದ ರಕ್ಷಣೆ. ಮೂಗಿಗೆ ಕರ್ಚೀಫು ಕಟ್ಟಿಕೊಂಡರೆ ಏನೂ ತಡೆಯುವುದಿಲ್ಲ. ಆ ವ್ಯವಸ್ಥೆ ಇಲ್ಲದವರು ಹೊಂದಿಸುವ, ಉಜ್ಜುವ ಕೆಲಸ ತಾವೇ ಮಾಡಿ, ಸ್ಪ್ರೇ ಗನ್ ಕೆಲಸ ಬೂತ್ (ಬಣ್ಣ ಹೊಡೆಯುವ ಮುಚ್ಚಿದ ಕೋಣೆ) ಇರುವ ಪೇಂಟರಿಗೆ ಕೊಡಿ. ಫೈಬರ್ ಉಜ್ಜುವಾಗ ಎನ್95 ಕನಿಷ್ಠ, ತುಂಬುತೋಳಿನ ಅಂಗಿ, ಮುಗಿದ ಮೇಲೆ ತಣ್ಣೀರು.

ಪ್ರೈಮರ್ ಹೊಡೆದ ಕೂಡಲೇ ಸಣ್ಣ ಸಣ್ಣ ಕುಳಿ

ಮೀನಿನ ಕಣ್ಣಿನಂತೆ ದುಂಡಗೆ, ನಡುವೆ ತಳ ಕಾಣುವ ಕುಳಿ ಎಂದರೆ ಮೇಣ, ಎಣ್ಣೆ ಅಥವಾ ಸಿಲಿಕೋನ್. ಅಚ್ಚಿನಿಂದ ಬಾನೆಟ್ ಬಿಡಿಸಲು ಹಚ್ಚಿದ ಮೇಣ ಮೇಲ್ಮೈಯಲ್ಲೇ ಉಳಿದಿರುತ್ತದೆ. ಬಹಳ ಜನ ಮೊದಲು ಪೇಪರ್ ಉಜ್ಜಿ ಆಮೇಲೆ ಒರೆಸುತ್ತಾರೆ. ಆಗ ಮೇಣ ಗೀರುಗಳೊಳಗೆ ಕೂತು ಬಿಡುತ್ತದೆ. ಕ್ರಮ ಉಲ್ಟಾ ಆಗಬೇಕು. ಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ಸೋಪಿನಲ್ಲಿ ಎರಡು ಸಲ ತೊಳೆಯಿರಿ, ನೀರಿಗೆ ಕರಗುವ ಅಚ್ಚಿನ ಪದರ ಅದರಲ್ಲೇ ಹೋಗುತ್ತದೆ. ಒಣಗಿದ ಮೇಲೆ ವ್ಯಾಕ್ಸ್ ರಿಮೂವರನ್ನು ಒಂದು ಬಟ್ಟೆಯಲ್ಲಿ ಹಚ್ಚಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತಿ. ತಾನಾಗಿ ಆರಲು ಬಿಟ್ಟರೆ ಮೇಣ ಜಾಗ ಬದಲಿಸಿರುತ್ತದೆ ಅಷ್ಟೆ. ಮೇಲೆ ನೀರು ಚಿಮುಕಿಸಿ ನೋಡಿ: ಮಣಿಮಣಿಯಾಗಿ ನಿಂತರೆ ಮೇಣ ಇನ್ನೂ ಇದೆ, ಹಾಳೆಯಂತೆ ಹರಡಿದರೆ 180, ಆಮೇಲೆ 320 ನಂಬರ್ ಒಣ ಪೇಪರ್ ಹಿಡಿಯಬಹುದು.

ಬಾನೆಟ್ ಶುದ್ಧವಿದ್ದೂ ಕುಳಿ ಬಂದರೆ ಗಾಳಿಯನ್ನು ಅನುಮಾನಿಸಿ. ಬಿಳಿ ಹಾಳೆಗೆ ಗನ್ನಿನ ಗಾಳಿ ಮಾತ್ರ ಒಂದು ನಿಮಿಷ ಬಿಡಿ. ಎಣ್ಣೆ ಚುಕ್ಕಿ ಕಂಡರೆ ಕಂಪ್ರೆಸರ್ ಎಣ್ಣೆ ಉಗುಳುತ್ತಿದೆ. ಪಕ್ಕದಲ್ಲಿ ಯಾರಾದರೂ ಟೈರಿಗೆ, ಡ್ಯಾಶ್‌ಬೋರ್ಡಿಗೆ ಹೊಳಪಿನ ಸ್ಪ್ರೇ ಹೊಡೆದಿದ್ದರೂ ಸಾಕು.

ಬಂದ ಕುಳಿಯ ಮೇಲೆ ಇನ್ನೊಂದು ಕೋಟ್ ಹೊಡೆದರೆ ಮುಚ್ಚುವುದಿಲ್ಲ. ಒಣಗಲು ಬಿಟ್ಟು, ಉಜ್ಜಿ, ತೊಳೆದು ಮತ್ತೆ ಹೊಡೆಯಬೇಕು.

ಸೂಜಿಯಿಂದ ಚುಚ್ಚಿದಂಥ ರಂಧ್ರಗಳು

ಮೀನಿನ ಕಣ್ಣಿಗೂ ಇದಕ್ಕೂ ವ್ಯತ್ಯಾಸ ಸುಲಭ. ಇವು ಆಳವಾಗಿರುತ್ತವೆ, ಮೂಲೆ ಮತ್ತು ಕೌಲಿನ ಮಡಿಕೆಯಲ್ಲಿ ಹೆಚ್ಚು. ಜೆಲ್‌ಕೋಟಿನ ಕೆಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಯ ಬಾಯಿಯನ್ನು ನಿಮ್ಮ ಪೇಪರ್ ತೆರೆದಿರುತ್ತದೆ. ಪ್ರೈಮರ್ ಅದರ ಮೇಲೆ ಸೇತುವೆಯಂತೆ ಕೂರುತ್ತದೆ, ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಮತ್ತೆ ಬಾಯಿ ತೆರೆಯುತ್ತದೆ. ಪ್ರತಿಯೊಂದನ್ನೂ ಚೂಪು ಮೊಳೆಯಿಂದ ಕೆದಕಿ ಅಗಲ ಮಾಡಿ, ಹಾರ್ಡ್ನರ್ ಕಲಸುವ ಪಾಲಿಯೆಸ್ಟರ್ ಪುಟ್ಟಿಯನ್ನು ಬ್ಲೇಡಿನ ಮೂಲೆಯಲ್ಲಿ ಒತ್ತಿ ತುಂಬಿ. ಟ್ಯೂಬಿನಿಂದ ಹಿಂಡಿ ಹಚ್ಚುವ, ತಾನೇ ಒಣಗುವ ಪುಟ್ಟಿ ಬೇಡ, ಅದು ಥಿನ್ನರಿಗೆ ಕುಗ್ಗುತ್ತದೆ.

ಬಣ್ಣವಾಗಿ ತಿಂಗಳಾದ ಮೇಲೆ ಬಿಸಿಲಲ್ಲಿ ಎಳೆ ಎಳೆ ಕಾಣುತ್ತದೆ

ಎಲ್ಲಕ್ಕಿಂತ ಹೊಟ್ಟೆಯುರಿಸುವ ದೋಷ ಇದು. ಬೂತಿನಿಂದ ಕನ್ನಡಿಯಂತೆ ಹೊರಬಂದ ಬಾನೆಟ್, ನಾಲ್ಕು ವಾರ ಬಿಸಿಲು ಕಂಡ ಮೇಲೆ ಓರೆಗಣ್ಣಲ್ಲಿ ನೋಡಿದರೆ ಒಳಗಿನ ಗಾಜಿನ ಎಳೆಗಳ ಗುರುತು, ಕೆಲವೊಮ್ಮೆ ಒಳ ಚೌಕಟ್ಟಿನ ಪೂರ್ತಿ ನಕ್ಷೆ, ಮೇಲೆ ಮೂಡಿರುತ್ತದೆ. ಬಣ್ಣ ಕೆಟ್ಟದ್ದಲ್ಲ, ಪೇಂಟರಿನ ಕೈಯೂ ಅಲ್ಲ. ರೆಸಿನ್ ಕುಗ್ಗುತ್ತದೆ, ಗಾಜಿನ ಎಳೆ ಕುಗ್ಗುವುದಿಲ್ಲ. ಎಳೆಗಳ ನಡುವಿನ ರೆಸಿನ್ ತಗ್ಗಿ ಎಳೆ ಉಬ್ಬಿ ಕಾಣುತ್ತದೆ. ಹಸಿ ಮಾಲಿಗೆ ಅವಸರದಲ್ಲಿ ಬಣ್ಣ ಹೊಡೆದದ್ದಕ್ಕೆ ಕೊಟ್ಟ ಬೆಲೆ. ಕಪ್ಪು ಬಣ್ಣದಲ್ಲಿ ಇನ್ನೂ ಹೆಚ್ಚು: ಬೇಸಿಗೆಯ ಮಧ್ಯಾಹ್ನ ಕಪ್ಪು ಬಾನೆಟ್ 70 ಡಿಗ್ರಿ ಮುಟ್ಟಬಲ್ಲದು, ಅದು ಸಾಮಾನ್ಯ ಪಾಲಿಯೆಸ್ಟರ್ ಮೆತ್ತಗಾಗಲು ಶುರುವಾಗುವ ಮಟ್ಟಕ್ಕೆ ತೀರ ಹತ್ತಿರ.

ತಡೆಯುವ ದಾರಿ: ಹೊಂದಿಸಿದ ಬಾನೆಟ್ಟನ್ನು ಬೋಲ್ಟ್ ಹಾಕಿ, ಲಾಕ್ ಬೀಳಿಸಿ, ಗಾಡಿಯ ಮೇಲೇ ಎರಡು ಮೂರು ವಾರ ಬಿಸಿಲಿಗೆ ನಿಲ್ಲಿಸಿ. ಬೂತ್ ಇದ್ದರೆ 60 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಬಹುದು. ಅದಕ್ಕಿಂತ ಮೇಲೆ ಬೇಡ, ಮತ್ತು ಬಾನೆಟ್ಟಿಗೆ ಎಲ್ಲ ಕಡೆ ಆಧಾರವಿರಬೇಕು. ನಂತರವೇ ಎಪಾಕ್ಸಿ ಪ್ರೈಮರ್ ಎರಡು ಕೋಟ್, ಅದರ ಮೇಲೆ 2ಕೆ ಸರ್ಫೇಸರ್ (ಗೀರು ತುಂಬುವ ದಪ್ಪ ಪ್ರೈಮರ್) ಮೂರು ಕೋಟ್, ಕೋಟ್ ಕೋಟಿನ ನಡುವೆ 10–15 ನಿಮಿಷ. ಉಬ್ಬು ತಗ್ಗು ತೋರಿಸುವ ಕಪ್ಪು ಪುಡಿಯ ಗೈಡ್ ಕೋಟ್ ಸವರಿ 320, 400, ಕೊನೆಗೆ 600ರಲ್ಲಿ ಹಲಗೆ ಎಳೆತ. ತಗಡಿಗೆಂದು ಇರುವ ಆಸಿಡ್ ಪ್ರೈಮರ್ ಫೈಬರಿಗೆ ಬೇಡ; ಅದು ಲೋಹವನ್ನು ಕಚ್ಚಿ ಹಿಡಿಯುವಂಥದ್ದು, ಇಲ್ಲಿ ಕಚ್ಚಲು ಲೋಹವೇ ಇಲ್ಲ.

ಈಗಾಗಲೇ ಎಳೆ ಕಂಡಿದ್ದರೆ ಕೂಡಲೇ ಉಜ್ಜಬೇಡಿ. ಒಂದು ಬೇಸಿಗೆ ಪೂರ್ತಿ ಓಡಿಸಿ, ಕುಗ್ಗುವುದೆಲ್ಲ ಕುಗ್ಗಲಿ. ಬೇಗ ಉಜ್ಜಿದರೆ ಮತ್ತೆ ಬರುತ್ತದೆ.

ಬಣ್ಣದ ಕೆಳಗೆ ಗುಳ್ಳೆ

ಒಂದು ಗುಳ್ಳೆಯನ್ನು ಸೂಜಿಯಲ್ಲಿ ಚುಚ್ಚಿ. ನೀರು ಜಿನುಗಿದರೆ ತೇವ: ಜೆಲ್‌ಕೋಟ್ ಹರಿದು ಎಳೆ ಕಂಡ ಜಾಗಕ್ಕೆ ನೀರಿನ ಪೇಪರ್ ಹಾಕಿರುತ್ತೀರಿ, ಆ ಎಳೆಗಳು ಬತ್ತಿಯಂತೆ ನೀರು ಹೀರಿಕೊಂಡಿರುತ್ತವೆ. ಎಪಾಕ್ಸಿ ಕೂರುವವರೆಗೂ ಒಣ ಪೇಪರ್ ಮಾತ್ರ. ದಕ್ಷಿಣ ಕನ್ನಡ, ಉಡುಪಿಯ ಮಳೆಗಾಲದಲ್ಲಿ ಈ ಕೆಲಸ ಮಾಡುವುದಾದರೆ ಬಾನೆಟ್ಟಿನ ಉಷ್ಣತೆ ಇಬ್ಬನಿ ಕಟ್ಟುವ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು, ಗಾಳಿ ಪೈಪಿನ ನೀರಿನ ಬಟ್ಟಲನ್ನು ಆಗಾಗ ಬರಿದು ಮಾಡಬೇಕು. ಚುಚ್ಚಿದಾಗ ಒಣಗಿದ್ದರೆ ಥಿನ್ನರ್ ಸಿಕ್ಕಿಬಿದ್ದಿದೆ, ಕೋಟ್‌ಗಳ ನಡುವೆ ಕಾಯದೆ ದಪ್ಪ ಹೊಡೆದಿದ್ದಾರೆ. ಗುಳ್ಳೆ ಅಂಗೈ ಅಗಲವಿದ್ದು ಒತ್ತಿದರೆ ಚರ್ಮವೇ ಕುಣಿಯುತ್ತಿದ್ದರೆ ಅದು ಬಣ್ಣದ್ದಲ್ಲ, ಫೈಬರಿನ ಪದರ ಬಿಟ್ಟದ್ದು. ಎಗ್ಸಾಸ್ಟ್ ಹೆಡರ್ (ಇಂಜಿನ್ನಿನ ಹೊಗೆ ಕೊಳವೆಗಳು) ಅಥವಾ ಟರ್ಬೊದ ನೇರ ಮೇಲೆ ಮಾತ್ರ ಹೀಗಾದರೆ ಶಾಖದ ಕೆಲಸ: ಒಳಗೆ ಫಾಯಿಲ್ ಮುಖದ ಶಾಖ ತಡೆ ಹೊದಿಕೆ ಹಾಕದೆ ಮೇಲಿನ ರಿಪೇರಿ ನಿಲ್ಲುವುದಿಲ್ಲ.

ಜೇಡರ ಬಲೆಯಂಥ ಬಿರುಕು

ಬಿರುಕು ಎಲ್ಲಿಂದ ಹೊರಟಿದೆ ನೋಡಿ. ಬೋಲ್ಟಿನ ಸುತ್ತ ಕಿರಣಗಳಂತೆ ಹೊರಟಿದ್ದರೆ ಅತಿ ಬಿಗಿ. ಒಂದು ಚುಕ್ಕಿಯಿಂದ ಸುತ್ತಲೂ ಹರಡಿದ್ದರೆ ಕಲ್ಲೋ ಮೊಣಕೈಯೋ ಬಡಿದದ್ದು. ಹಿಂಜಿನ ಮುಂದೆ ಅಡ್ಡ ಗೆರೆಗಳ ಸಾಲಾದರೆ ಮೇಲೆ ಹೇಳಿದ ಸ್ಪ್ರಿಂಗಿನ ಕೆಲಸ. ಸ್ಪ್ರಿಂಗ್ ಸರಿಪಡಿಸದೆ ಬಿರುಕು ಮುಟ್ಟಿ ಫಲವಿಲ್ಲ. ಬಾನೆಟ್ ಮೇಲೆ ಯಾರನ್ನೂ ಕೂರಲು ಬಿಡಬೇಡಿ. ಮುಚ್ಚುವಾಗ ಎರಡೂ ಅಂಗೈ ಲಾಕಿನ ಅಕ್ಕಪಕ್ಕ ಇರಲಿ, ಎತ್ತರದಿಂದ ಬಿಡಬೇಡಿ.

ಬಿರುಕನ್ನು 'ವಿ' ಆಕಾರದಲ್ಲಿ ಕೊರೆಯುತ್ತ ಹೋಗಿ. ಜೆಲ್‌ಕೋಟಿನಲ್ಲೇ ಮುಗಿದು ಕೆಳಗೆ ಎಳೆಗಳು ಗಟ್ಟಿಯಾಗಿದ್ದರೆ ಎಳೆ ಬೆರೆಸಿದ ಪುಟ್ಟಿ ಸಾಕು. ಎಳೆಗಳೂ ಬಿಳಿಚಿ ಮುರಿದಿದ್ದರೆ ಬಿರುಕಿನ ಎರಡೂ ಕಡೆ, ಪದರದ ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರು ಮಾಡಿ, ಹಿಂದಿನಿಂದಲೂ ಪದರ ಹಾಕಬೇಕು. ಹಿಂಜ್ ಮತ್ತು ಲಾಕಿನ ಸುತ್ತ ಇಂಥ ಮುರಿತ ಇದ್ದರೆ ರಿಪೇರಿಯಾಗುವ ತನಕ ಗಾಡಿ ಓಡಿಸಬೇಡಿ.

ಬಣ್ಣ ಫೆಂಡರಿಗೆ ಹೊಂದುತ್ತಿಲ್ಲ

ಬಣ್ಣದ ಕೋಡ್ ಒಂದೇ ಇದ್ದರೂ ಹಳೆಯ ಫೆಂಡರ್ ಬಿಸಿಲಿಗೆ ಮಾಸಿರುತ್ತದೆ. ಮೊದಲು ಒಂದು ಅಟ್ಟೆ ತುಂಡಿಗೆ ಅದೇ ಪ್ರೈಮರ್, ಅದೇ ಗನ್, ಅದೇ ಸಂಖ್ಯೆಯ ಕೋಟ್ ಹೊಡೆದು, ಕ್ಲಿಯರ್ ಒಣಗಿದ ಮೇಲೆ ಫೆಂಡರ್ ಪಕ್ಕ ಹಿಡಿದು ಹಗಲು ಬೆಳಕಲ್ಲಿ ನೋಡಿ. ಮೆಟಾಲಿಕ್ ಆದರೆ ಬಾನೆಟ್ಟನ್ನು ಗೋಡೆಗೆ ಒರಗಿಸಿ ಹೊಡೆಯಬೇಡಿ. ಕಣಗಳು ಬೇರೆ ದಿಕ್ಕಿನಲ್ಲಿ ಕೂತು ಗಾಡಿಯ ಮೇಲೆ ಮಲಗಿಸಿದಾಗ ಬೇರೆಯೇ ಬಣ್ಣವಾಗುತ್ತದೆ. ಫೈಬರ್ ವಿದ್ಯುತ್ ಹರಿಸುವುದಿಲ್ಲವಾದ್ದರಿಂದ ಒರೆಸಿದಷ್ಟೂ ಸ್ಥಾಯಿ ವಿದ್ಯುತ್ ಕಟ್ಟಿ ದೂಳು ಸೆಳೆಯುತ್ತದೆ; ಆಂಟಿಸ್ಟ್ಯಾಟಿಕ್ ಒರೆಬಟ್ಟೆ ಬೇಕೇ ಬೇಕು. ಗಾಡಿಯ ಬಣ್ಣವನ್ನೇ ಬದಲಿಸುವ ಯೋಚನೆಯಿದ್ದರೆ ಕರ್ನಾಟಕದ ನೋಂದಣಿಯ ಗಾಡಿಗೆ ಆರ್‌ಟಿಒದಲ್ಲಿ ಆರ್‌ಸಿಗೆ ಹೊಸ ಬಣ್ಣ ನಮೂದಿಸಿಕೊಳ್ಳಬೇಕು.

ಎಲ್ಲ ಮುಗಿದ ಮೇಲೆ ರೇಡಿಯೊ ಗೊರಗೊರ, ಬಾನೆಟ್ ದೀಪ ಹತ್ತುತ್ತಿಲ್ಲ

ಎರಡಕ್ಕೂ ಕಾರಣ ಒಂದೇ, ಹೋದದ್ದು ಲೋಹ. ಹಳೆಯ ಬಾನೆಟ್ ಇಗ್ನಿಷನ್ನಿನ ಕಿಡಿ ಎಬ್ಬಿಸುವ ರೇಡಿಯೊ ಗದ್ದಲವನ್ನು ತಡೆಯುವ ಮುಚ್ಚಳವೂ ಆಗಿತ್ತು. ಇಡೀ ಬಾಡಿಯೇ ಫೈಬರಿನದಾದ ಷೆವ್ರೊಲೆ ಕಾರ್ವೆಟ್ಟಿಗೆ 1953ರಿಂದಲೇ ಇಗ್ನಿಷನ್ ಮೇಲೆ ಲೋಹದ ಹೊದಿಕೆ ಕೊಡುತ್ತಿದ್ದದ್ದು ಇದಕ್ಕೇ. ಇಂಜಿನ್ ವೇಗಕ್ಕೆ ತಕ್ಕಂತೆ ಎಎಂ ರೇಡಿಯೊದ ಟಕಟಕ ಏರಿಳಿದರೆ ಮೊದಲು ಪ್ಲಗ್ ವೈರ್ ನೋಡಿ, ರೆಸಿಸ್ಟರ್ ಮಾದರಿಯದು ಹಾಕಿ; ಆಮೇಲೆ ಇಂಜಿನ್–ಬಾಡಿ ನಡುವಿನ ಅರ್ಥಿಂಗ್ ಪಟ್ಟಿ ಉಜ್ಜಿ ಬಿಗಿಮಾಡಿ. ಶಾಖ ತಡೆಯಲು ಹಾಕಿದ ಫಾಯಿಲ್ ಹೊದಿಕೆಗೆ ಒಂದು ವೈರ್ ಕೊಟ್ಟು ಬಾಡಿಗೆ ಅರ್ಥ್ ಮಾಡಿದರೆ ಉಳಿದದ್ದೂ ಬಹುಮಟ್ಟಿಗೆ ತಗ್ಗುತ್ತದೆ. ಬಾನೆಟ್ ದೀಪಕ್ಕೆ ಈ ಮೊದಲು ತಗಡಿನಿಂದಲೇ ಅರ್ಥ್ ಸಿಗುತ್ತಿತ್ತು. ಈಗ ಅದಕ್ಕೆ ಕಪ್ಪು ವೈರೊಂದನ್ನು ಹಿಂಜಿನ ಬಳಿ ಸಡಿಲವಾಗಿ ಸುತ್ತು ಬಿಟ್ಟು ಬಾಡಿಯವರೆಗೆ ಎಳೆಯಿರಿ, ತೆರೆದು ಮುಚ್ಚುವಾಗ ಹಿಂಜಿನ ಬಾಯಿಗೆ ಸಿಕ್ಕದಂತೆ ಕ್ಲಿಪ್ ಹಾಕಿ.